ಒಂದು ಗೇಣಿನ ವ್ಯತ್ಯಾಸ

“ಈಗ ಎತ್ತಿ,” ಎಂದರು ಸರ್ಜನ್.

ಇನ್ಸ್‌ಪೆಕ್ಟರ್ ಕಂಬದ ತಿರುಪು ಸಡಿಲಿಸಿ, ಬೆಂಕಿಪೊಟ್ಟಣದಷ್ಟಿದ್ದ ಸೆನ್ಸರನ್ನು ಒಂದು ಗೇಣು ಮೇಲಕ್ಕೆ ಸರಿಸಿದ. ಗಾಜಿನ ಪೆಟ್ಟಿಗೆಯೊಳಗೆ ಹೃದಯದ ಜಾಗದಲ್ಲಿ ಇಟ್ಟಿದ್ದ ರಬ್ಬರ್ ಚೀಲ ಮೊದಲಿನಂತೆಯೇ ಉಬ್ಬುತ್ತ ಕುಗ್ಗುತ್ತ ಇತ್ತು. ಪಂಪಿನ ಸದ್ದೂ ಬದಲಾಗಲಿಲ್ಲ. ಪರದೆಯ ಮೇಲಿನ ಅಂಕಿ ಮಾತ್ರ, ಯಾರೋ ಕಾಲು ಹಿಡಿದು ಎಳೆದ ಹಾಗೆ, ದಡಕ್ಕನೆ ಕೆಳಗಿಳಿಯಿತು.

ಅವನು ಸೆನ್ಸರನ್ನು ಮತ್ತೆ ಕೆಳಗಿಳಿಸಿದ. ಅಂಕಿ ಮೇಲೇರಿತು. ಮತ್ತೆ ಎತ್ತಿದ. ಇಳಿಯಿತು.

ಬಸ್ ಡ್ರೈವರ್ ಒಬ್ಬನಿಗೆಂದು ಬಂದ ಹೃದಯ ಇದೇ ಪೆಟ್ಟಿಗೆಯಲ್ಲಿ ‘ದುರ್ಬಲ’ ಎನಿಸಿಕೊಂಡು ತಿರಸ್ಕೃತವಾಗಿತ್ತು. ಅದು ಸಿಗದೆ ಡ್ರೈವರ್ ಸತ್ತಿದ್ದ. ಅವನ ಹೆಂಡತಿ ಕೊಟ್ಟ ದೂರು ಇನ್ಸ್‌ಪೆಕ್ಟರನನ್ನು ಈ ಪ್ರಯೋಗಶಾಲೆಗೆ ತಂದು ನಿಲ್ಲಿಸಿತ್ತು.

ಸತ್ತವರ ದೇಹದಿಂದ ತೆಗೆದ ಹೃದಯವನ್ನು ಇಲ್ಲಿ ಬೆಚ್ಚಗಿನ ರಕ್ತ ಹರಿಸಿ ಬಡಿಯುವಂತೆ ಮಾಡುತ್ತಿದ್ದರು. ಅದು ಎಷ್ಟು ಬಲವಾಗಿ ರಕ್ತವನ್ನು ನೂಕುತ್ತದೆ ಎಂದು ಅಳೆದ ಮೇಲೆಯೇ ಕಾಯುತ್ತಿರುವ ರೋಗಿಯ ಎದೆಗೆ ಕತ್ತಿ ಹಾಕುವುದು. ಒತ್ತಡ ಅಳೆಯುವ ಸೆನ್ಸರ್ ಹೃದಯದ ಮಟ್ಟದಲ್ಲೇ ಇರಬೇಕು. ಅದನ್ನು ಮೇಲಕ್ಕೆತ್ತಿದರೆ ಒತ್ತಡ ಇದ್ದದ್ದಕ್ಕಿಂತ ಕಡಿಮೆ ಎಂದು ತೋರಿಸುತ್ತದೆ. ತೂಕದ ತಕ್ಕಡಿಗೆ ಬೆರಳು ಕೊಟ್ಟಂತೆ.

“ಆ ದಿನದ್ದು ನೋಡಿ,” ಎಂದು ಸರ್ಜನ್ ಯಂತ್ರದ ನೆನಪಿನಿಂದ ಹಳೆಯ ಗೆರೆಯನ್ನು ಪರದೆಗೆ ಎಳೆದರು. ನರೆತ ಕೂದಲಿನ ಗಟ್ಟಿ ಹೆಂಗಸು. ಡ್ರೈವರಿಗೆ ಆಪರೇಷನ್ ಮಾಡಬೇಕಿದ್ದವರು ಇವರೇ, ಹೃದಯ ಬೇಡವೆಂದು ಹೇಳಿದವರೂ ಇವರೇ.

ಗುಡ್ಡದ ಸಾಲಿನಂತೆ ಅಲೆಗಳು ಸಾಗುತ್ತಿದ್ದವು. ಒಂದು ಜಾಗದಲ್ಲಿ ಇಡೀ ಸಾಲೇ ಮೆಟ್ಟಿಲು ಇಳಿದಂತೆ ಕೆಳಗಿಳಿದಿತ್ತು. ಅಲೆಯ ತುದಿಯೂ ಇಳಿದಿತ್ತು, ತಳವೂ ಇಳಿದಿತ್ತು. ನಡುವಿನ ಎತ್ತರ ಮಾತ್ರ ಹಾಗೇ ಇತ್ತು.

ಸರ್ಜನ್ ವಿವರಿಸಿದರು. ಹೃದಯ ಸೋಲುವಾಗ ಅಲೆಯೇ ಗಿಡ್ಡವಾಗುತ್ತದೆ, ಅದೂ ನಿಧಾನವಾಗಿ, ಇಳಿಜಾರಿನಲ್ಲಿ ಜಾರಿದ ಹಾಗೆ. ಹೀಗೆ ಇದ್ದ ಆಕಾರದಲ್ಲೇ ಕುಸಿಯುವುದಿಲ್ಲ. ಮುಂದೆ ಸ್ವಲ್ಪ ದೂರದಲ್ಲಿ ಅದೇ ಸಾಲು ಮತ್ತೆ ಮೆಟ್ಟಿಲು ಹತ್ತಿ ಮೊದಲ ಮಟ್ಟಕ್ಕೆ ನಿಂತಿತ್ತು. ಕಂಬವನ್ನು ಯಾರೋ ಎತ್ತಿದ್ದರು. ಕೆಲಸವಾದ ಮೇಲೆ ಇಳಿಸಿದ್ದರು.

“ಹೃದಯ ಕಣ್ಣೆದುರಿಗೇ ಚೆನ್ನಾಗಿ ಬಡ್ಕೊಳ್ತಿತ್ತು,” ಎಂದರು ಅವರು, ಪರದೆಯಿಂದ ಕಣ್ಣು ಕೀಳದೆ. “ನಾನು ಅಂಕಿ ನೋಡಿದೆ. ಹೃದಯ ನೋಡಲಿಲ್ಲ.”

ಇನ್ಸ್‌ಪೆಕ್ಟರ್ ಕಂಬದಿಂದ ಕೈ ತೆಗೆದ. ಈಗ ಕೇಳಲೇಬೇಕಿತ್ತು. ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆ ಅದು.

“ಬೇಡ ಅಂದ ಮೇಲೆ ಆ ಹೃದಯ ಎಲ್ಲಿಗೆ ಹೋಯ್ತು, ಮೇಡಂ?”

ಸರ್ಜನ್ ತಿರುಗಿ ಅವನನ್ನು ನೋಡಿದರು. “ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ.”

ಗೊತ್ತಿರಲಿಲ್ಲ ಎಂದು ಎದೆಮುಟ್ಟಿ ಹೇಳುವ ಹಾಗಿರಲಿಲ್ಲ. ತಿರಸ್ಕೃತವಾದ ಹೃದಯ ಸಂಶೋಧನೆಗೆ ಹೋಗುತ್ತದೆ. ಅದೇ ಪೆಟ್ಟಿಗೆಯಲ್ಲಿ ಹೊಸ ದ್ರಾವಣ ಹರಿಸಿದಾಗ ಚೇತರಿಸಿಕೊಂಡರೆ, ಅಪಾಯಕ್ಕೆ ಒಪ್ಪಿ ಸಹಿ ಹಾಕಿದ ರೋಗಿಗೆ ಕೊಡುತ್ತಾರೆ. ಆ ದ್ರಾವಣ ಕಂಡುಹಿಡಿದ ವಿಜ್ಞಾನಿ ಅವನ ಭಾವ. ಸಹಿ ಹಾಕಿದ ರೋಗಿ ಅವನ ಅಕ್ಕ. ಡ್ರೈವರಿಗೆ ಹೃದಯ ತಪ್ಪಿದ ದಿನವೇ ಅಕ್ಕನಿಗೆ ಹೃದಯ ಸಿಕ್ಕಿತ್ತು. ದೊಡ್ಡ ಆಸ್ಪತ್ರೆ, ಒಂದೇ ದಿನ ಎರಡು ಹೃದಯ ಬಂದಿರಬಹುದು ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ. ಕೇಳಿದರೆ ಉತ್ತರ ಬಂದೀತು ಎಂಬ ಹೆದರಿಕೆಗೆ ಕೇಳಿರಲಿಲ್ಲ.

ಕಳ್ಳರನ್ನು ಹಿಡಿಯುವುದರಲ್ಲಿ ಇಲಾಖೆಯಲ್ಲೇ ಅವನಿಗೆ ಹೆಸರಿತ್ತು. ಆ ಹೆಸರು ಈಗ ಯಾರದೋ ಅಂಗಿ ತೊಟ್ಟಂತೆ ಮೈಗೆ ಹತ್ತಲಿಲ್ಲ.

ಹೊರಗೆ ಬಂದರೆ ಕಾರಿಡಾರಿನ ಕೊನೆಯಲ್ಲಿ, ಬಟ್ಟೆ ಬದಲಿಸುವ ಕೋಣೆಯ ಮುಂದೆ, ಪೆಟ್ಟಿಗೆಯ ಯಂತ್ರ ನೋಡಿಕೊಳ್ಳುತ್ತಿದ್ದ ಹೆಂಗಸು ಕೂತಿದ್ದಳು. ಕಪಾಟಿನಲ್ಲಿದ್ದ ಚಪ್ಪಲಿ, ಛತ್ರಿ, ಊಟದ ಡಬ್ಬಿಗಳನ್ನು ಕೈಚೀಲಕ್ಕೆ ತುಂಬಿಕೊಳ್ಳುತ್ತಿದ್ದಳು.

ಹಿಂದಿನ ವಾರ ಅವಳನ್ನು ಹಿಡಿದವನು ಅವನೇ. ವಾರ್ಡಿನ ನಡುವೆ, ರೋಗಿಗಳು, ನರ್ಸುಗಳು, ಹಣ್ಣು ತಂದಿದ್ದ ನೆಂಟರು ಎಲ್ಲರೂ ನೋಡುತ್ತಿದ್ದಂತೆ ಠಾಣೆಗೆ ಕರೆದೊಯ್ದಿದ್ದ. ಅಂಕಿ ಇಳಿದ ಹೊತ್ತಿನಲ್ಲಿ ತಾನು ಕೋಣೆಯಲ್ಲೇ ಇರಲಿಲ್ಲ, ರಕ್ತದ ಚೀಲ ತರಲು ಕೆಳಗೆ ಹೋಗಿದ್ದೆ ಎಂದು ಅವಳು ಹೇಳಿದ್ದನ್ನು ಅವನು ನಂಬಿರಲಿಲ್ಲ. ನಂಬದಿರಲು ಕಾರಣವಿತ್ತು: ಅವನ ಹೆಂಡತಿ. ಅವಳು ಅದೇ ಆಸ್ಪತ್ರೆಯ ಆಪರೇಷನ್ ಥಿಯೇಟರಿನ ನರ್ಸ್. ಊಟಕ್ಕೆ ಬಡಿಸುತ್ತ, ಆ ಹೊತ್ತಿಗೆ ಪೆಟ್ಟಿಗೆಯ ಹತ್ತಿರ ಇದ್ದವಳು ಆ ಯಂತ್ರದವಳೊಬ್ಬಳೇ ಎಂದು ಹೇಳಿದ್ದಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ ತಾನಲ್ಲ ಎಂದು ಬೀಗುತ್ತಿದ್ದವನು, ತುತ್ತು ಬಾಯಿಗಿಡುತ್ತ ಅದನ್ನು ನಂಬಿಬಿಟ್ಟಿದ್ದ. ಕೊನೆಗೆ ರಕ್ತದ ಕೋಣೆಯ ಬಾಗಿಲ ಕ್ಯಾಮೆರಾದಲ್ಲಿ ಯಂತ್ರದವಳ ಮುಖ ಸಿಕ್ಕಿ, ಈ ದಿನ ಬೆಳಿಗ್ಗೆ ಬಿಡುಗಡೆ ಮಾಡಿದ್ದರು.

ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದು ಹತ್ತಿರ ಹೋದ. ತಪ್ಪಾಯಿತು, ಕ್ಷಮಿಸಿ ಎಂದ. ಮಾತು ಬಾಯಿಂದ ಬಿದ್ದ ಮೇಲೆ ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ, ಅವನಿಗೇ ನಾಚಿಕೆಯಾಯಿತು.

ಅವಳು ಚೀಲದ ಬಾಯಿ ಕಟ್ಟಿ ಎದ್ದು ನಿಂತಳು.

“ಕರ್ಕೊಂಡು ಹೋಗುವಾಗ ಎಲ್ಲರ ಎದುರು ಕರ್ಕೊಂಡು ಹೋದ್ರಿ,” ಎಂದಳು. “ಕ್ಷಮೆ ಮಾತ್ರ ಯಾರೂ ಇಲ್ಲದ ಜಾಗದಲ್ಲಿ ಕೇಳ್ತಿದೀರಿ.”

ಕಾರಿಡಾರಿನ ಆ ತುದಿಯಲ್ಲಿ ವಾರ್ಡಿನ ಬಾಗಿಲು ತೆರೆದೇ ಇತ್ತು. ಒಳಗೆ ಜನ ತುಂಬಿದ್ದರು. ಅವಳ ಜೊತೆ ನಡೆದುಹೋಗಿ ಅಲ್ಲಿ ನಿಂತು ಹೇಳಬಹುದಿತ್ತು. ನಾಲ್ಕು ಹೆಜ್ಜೆ ಹಾಕಿದ. ಆಮೇಲೆ ಮೊದಲು ಭಾವನನ್ನು ನೋಡಬೇಕು, ತಡವಾಗುತ್ತದೆ ಎಂದು ಒಂದು ನೆಪ ತಾನಾಗಿಯೇ ಒದಗಿ ಬಂತು. ಅವಳು ಅವನ ಕಾಲುಗಳು ನಿಂತದ್ದನ್ನು ನೋಡಿದಳು. ಮೆಟ್ಟಿಲಿಳಿದು ಹೋದಳು.

ಭಾವನ ಮನೆ ಆಸ್ಪತ್ರೆಯ ಹಿಂದಿನ ವಸತಿಗೃಹಗಳ ಮೊದಲ ಮಹಡಿಯಲ್ಲಿತ್ತು. ಅಕ್ಕನಿಗೆ ಸೋಂಕು ತಗುಲಬಾರದೆಂದು ಬಾಗಿಲ ಪಕ್ಕದಲ್ಲೇ ಮುಖಕವಚಗಳ ಡಬ್ಬಿ. ಅವನು ಒಂದನ್ನು ತೆಗೆದು ಕಟ್ಟಿಕೊಂಡ. ಮುಖ ಮುಚ್ಚಿಕೊಳ್ಳಲು ನ್ಯಾಯವಾದ ಕಾರಣವೊಂದು ಸಿಕ್ಕಿದ್ದಕ್ಕೆ ಒಳಗೊಳಗೇ ಸಮಾಧಾನವೂ ಆಯಿತು.

“ಬಾ ಗುಂಡ. ಊಟ ಆಯ್ತಾ?” ಎಂದರು ಭಾವ.

ಠಾಣೆಯಲ್ಲಿ ಅವನೆಂದರೆ ಪೇದೆಗಳು ಎದ್ದು ನಿಲ್ಲುತ್ತಿದ್ದರು. ಈ ಮನೆಯಲ್ಲಿ ಅವನು ಗುಂಡ. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ, ಮದುವೆಯಾಗಿ ಬಂದ ಅಕ್ಕ ತನ್ನ ಟ್ರಂಕಿನ ಜೊತೆ ಒಬ್ಬ ಗುಂಡುಗುಂಡನೆಯ ತಮ್ಮನನ್ನೂ ಕರೆತಂದಿದ್ದಳು. ಭಾವ ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಪೆನ್ಸಿಲ್ ಹಿಡಿಯುವುದರಿಂದ ಹಿಡಿದು ಗಣಿತದವರೆಗೆ ಪಕ್ಕದಲ್ಲಿ ಕೂತು ಕಲಿಸಿದ್ದರು. ಸುಳ್ಳು ಲೆಕ್ಕ ಬರೆದರೆ ಬೈಯುತ್ತಿರಲಿಲ್ಲ. “ಮತ್ತೆ ನೋಡು” ಎನ್ನುತ್ತಿದ್ದರು, ಅಷ್ಟೆ. ಅದು ಬೆತ್ತಕ್ಕಿಂತ ಜೋರಾಗಿ ತಾಗುತ್ತಿತ್ತು.

ಅಂಥವರ ಮುಂದೆ, ಜೀಪಿನಲ್ಲಿ ಕೂತು ಅಭ್ಯಾಸ ಮಾಡಿಕೊಂಡು ಬಂದಿದ್ದ ಪೊಲೀಸ್ ದನಿ ಹೊರಡಲಿಲ್ಲ. ಗೆರೆಯ ಪ್ರತಿಯನ್ನು ಮೇಜಿನ ಮೇಲಿಟ್ಟ.

ಭಾವ ಕನ್ನಡಕ ಹಾಕಿಕೊಂಡು ನೋಡಿದರು. ಒಂದು ನೋಟ ಸಾಕಾಯಿತು.

“ಏನು ಕಾಣಿಸ್ತು ನಿನಗೆ? ಹೇಳು.”

ಅವನು ಹೇಳಿದ. ಹೃದಯ ಸೋತಿರಲಿಲ್ಲ, ಸೆನ್ಸರ್ ಏರಿತ್ತು. ಹೃದಯ ಚೇತರಿಸಿಕೊಳ್ಳಲಿಲ್ಲ, ಸೆನ್ಸರ್ ಇಳಿದಿತ್ತು. ಹೇಳಿ ಮುಗಿಸಿದಾಗ ಭಾವ ತಲೆಯಾಡಿಸಿದರು, ಹಿಂದೆ ಲೆಕ್ಕ ಸರಿಯಾದಾಗ ಆಡಿಸುತ್ತಿದ್ದ ಹಾಗೆಯೇ.

“ಸರಿಯಾಗಿ ಓದಿದೀಯ.”

“ಕಂಬ ಎತ್ತಿದ್ದು ನೀವಾ, ಭಾವ?”

“ಅಲ್ಲ.” ಅವರು ಕನ್ನಡಕ ತೆಗೆದು ಅಂಗೈಯಲ್ಲಿಟ್ಟುಕೊಂಡರು. “ಆದರೆ ಎತ್ತಿದ್ದು ನನಗೆ ಗೊತ್ತಾಯ್ತು. ಅವತ್ತೇ ಗೊತ್ತಾಯ್ತು.”

ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅಕ್ಕ ಮಲಗಿದ್ದಳು. ಭಾವ ದನಿ ತಗ್ಗಿಸಿ ಹೇಳತೊಡಗಿದರು.

ದ್ರಾವಣ ಹರಿಸಿದ ಸ್ವಲ್ಪ ಹೊತ್ತಿಗೆ ಅಂಕಿ ಏರಿದಾಗ ಕೋಣೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದ್ದರಂತೆ. ಜೀವಮಾನವಿಡೀ ಕಾದಿದ್ದ ಗಳಿಗೆ, ಅವರೂ ನಕ್ಕಿದ್ದರು. ಅಭ್ಯಾಸಬಲದಿಂದ ಗೆರೆಯನ್ನು ಹಿಂದಕ್ಕೆಳೆದು ನೋಡಿದರು. ಹೃದಯದ ಬಲ ಅಳೆಯುವುದನ್ನು ಊರಿಗೆಲ್ಲ ಕಲಿಸಿದ ಕಣ್ಣು, ಆ ಮೆಟ್ಟಿಲನ್ನು ಗುರುತಿಸದೆ ಇರಲಿಲ್ಲ. ತನ್ನ ದ್ರಾವಣ ಏನನ್ನೂ ಮಾಡಿಲ್ಲ ಎಂದು ಒಂದೇ ನೋಟಕ್ಕೆ ತಿಳಿಯಿತು. ಆ ಹೃದಯಕ್ಕೆ ಏನೂ ಆಗಿರಲೇ ಇಲ್ಲ.

“ಡ್ರೈವರ್ ಇನ್ನೂ ಕೆಳಗಿನ ವಾರ್ಡಲ್ಲೇ ಇದ್ದ, ಗುಂಡ. ಫೋನ್ ನನ್ನ ಕೈಗೆಟುಕೋ ಹಾಗಿತ್ತು. ಈ ಹೃದಯ ಚೆನ್ನಾಗಿದೆ, ಅವನನ್ನ ಮೇಲೆ ಕರ್ಕೊಂಡು ಬನ್ನಿ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು.”

“ಹೇಳಲಿಲ್ಲ.”

“ಹೇಳಲಿಲ್ಲ. ಪಕ್ಕದ ಕೋಣೇಲಿ ನಿಮ್ಮಕ್ಕ ಗಾಲಿ ಮಂಚದ ಮೇಲೆ ಮಲಗಿದ್ಲು. ತುಟಿ ನೀಲಿಗಟ್ಟಿತ್ತು. ಫೋನ್ ಕಡೆ ನೋಡಿದೆ, ಅವಳ ಕಡೆ ನೋಡಿದೆ.” ಭಾವ ಕನ್ನಡಕವನ್ನು ಅಂಗೈಯಲ್ಲಿ ತಿರುಗಿಸಿದರು. “ಆಮೇಲೆ ಸಭೇಲಿ ನಿಂತು, ದ್ರಾವಣದಿಂದ ಹೃದಯ ಬದುಕಿತು ಅಂತ ಭಾಷಣಾನೂ ಮಾಡಿದೆ. ಎಲ್ಲರೂ ಎದ್ದು ನಿಂತು ಗೌರವ ಕೊಟ್ರು. ಕೂತ್ಕೊಳಿ ಅನ್ನೋಕೂ ಬಾಯಿ ಬರ್ಲಿಲ್ಲ.”

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಇನ್ಸ್‌ಪೆಕ್ಟರನಿಗೆ ಸಿಟ್ಟು ಬರಬೇಕಿತ್ತು. ಸಿಟ್ಟಿಗಾಗಿ ಒಳಗೆಲ್ಲ ತಡಕಾಡಿದ. ಸಿಕ್ಕಿದ್ದು ಆ ಸಂಜೆ ಮಾತ್ರ: ಅಕ್ಕನ ಆಪರೇಷನ್ ಗೆದ್ದಿತೆಂದು ಕೇಳಿ, ಸಮವಸ್ತ್ರದಲ್ಲೇ, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮಕ್ಕಳ ಹಾಗೆ ಅತ್ತ ಸಂಜೆ. ಅವನ ಪಕ್ಕದಲ್ಲೇ ಒಬ್ಬ ಹೆಂಗಸು ಮಡಿಲಲ್ಲಿ ಟವೆಲ್ ಹಿಡಿದುಕೊಂಡು ಕೂತಿದ್ದಳು. ಗಂಡನಿಗೆ ಈ ಸಲ ಹೃದಯ ಸರಿಹೋಗಲಿಲ್ಲ, ಮುಂದಿನ ಸಲ ಸಿಗುತ್ತದಂತೆ ಎಂದು ತಾನೇ ಅವನಿಗೆ ಸಮಾಧಾನ ಹೇಳಿದ್ದಳು. ನಿಮ್ಮಕ್ಕ ನೂರು ಕಾಲ ಬಾಳಲಿ ಎಂದೂ ಹೇಳಿದ್ದಳು. ಅದೇ ಹೆಂಗಸು ಮುಂದೆ ದೂರು ಹಿಡಿದು ಠಾಣೆಗೆ ಬಂದಾಗ, ಅವನು ಗುರುತು ಸಿಗದವನಂತೆ ನಟಿಸಿದ್ದ.

“ನೀನಾಗಿದ್ರೆ ಫೋನ್ ಮಾಡ್ತಿದ್ಯಾ?” ಎಂದರು ಭಾವ. ಸವಾಲಿನ ದನಿಯಲ್ಲ, ನಿಜಕ್ಕೂ ತಿಳಿಯಬೇಕೆಂಬ ದನಿ.

ಅವನ ಕಣ್ಣು ನೆಲದ ಹಾಸುಗಲ್ಲಿನ ಒಂದು ಬಿರುಕನ್ನು ಹಿಡಿದು ಗೋಡೆಯವರೆಗೆ ಹೋಯಿತು. ಮಾಡುತ್ತಿದ್ದೆ ಎನ್ನುವುದು ಸುಳ್ಳು. ಇಲ್ಲ ಎಂದರೆ ಮೈಮೇಲಿನ ಖಾಕಿ ಬಿಚ್ಚಿಡಬೇಕು. ಬೇರೆ ಪ್ರಶ್ನೆ ಹಾಕಿದ.

“ಎತ್ತಿದವರು ಯಾರು ಅಂತ ವಿಚಾರಿಸಿದ್ರಾ?”

“ಇಲ್ಲ. ನೀನು ಆ ಹೃದಯ ಎಲ್ಲಿಗೆ ಹೋಯ್ತು ಅಂತ ಯಾಕೆ ಕೇಳ್ಲಿಲ್ವೋ, ನಾನೂ ಅದಕ್ಕೇ ಕೇಳ್ಲಿಲ್ಲ.”

ಮುಖಕವಚದೊಳಗೆ ಅವನ ಉಸಿರು ಬಿಸಿಯಾಯಿತು. ನೆಲ ಬಾಯಿಬಿಡಬಾರದೇ ಎನ್ನಿಸಿತು. ಆದರೂ ಇಷ್ಟು ಹೇಳಿದ ಮನುಷ್ಯನ ಮೇಲೆ ಅವನಿಗೆ ಗೌರವವೇ ಹುಟ್ಟಿತು. ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ. ಭಾವ ಇವತ್ತಿಗೂ ಸುಳ್ಳು ಲೆಕ್ಕ ಬರೆಯುವವರಲ್ಲ.

“ನಾನು ಹೇಳ್ತೀನಿ ಯಾರು ಅಂತ.”

ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಹೋದ ವಾರ ಕಂಡಾಗ ಕೆನ್ನೆಯಲ್ಲಿ ಬಣ್ಣವಿತ್ತು. ಈಗ ಮುಖ ಊದಿಕೊಂಡು, ಪಾದಗಳೂ ಊದಿಕೊಂಡು, ನಾಲ್ಕು ಹೆಜ್ಜೆಗೇ ಏದುಸಿರು. ಭಾವ ಓಡಿಹೋಗಿ ತೋಳು ಹಿಡಿದರು. ಅವಳು ಕೊಸರಿಕೊಂಡು ಕುರ್ಚಿಗೆ ಕೂತು, ಮುಷ್ಟಿಯಲ್ಲಿದ್ದುದನ್ನು ಮೇಜಿನ ಮೇಲೆ ಸುರಿದಳು. ಬಿಳಿ, ಹಳದಿ ಮಾತ್ರೆಗಳು. ಹೊಸ ಹೃದಯವನ್ನು ದೇಹ ಹೊರಗಿನದೆಂದು ದೂಡದ ಹಾಗೆ ನೋಡಿಕೊಳ್ಳುವ ಮಾತ್ರೆಗಳು. ಒಂದು ದಿನವೂ ತಪ್ಪುವಂತಿರಲಿಲ್ಲ.

ನಾಲಿಗೆಯಡಿ ಇಟ್ಟುಕೊಂಡು ಆಮೇಲೆ ಉಗುಳಿ ದಿಂಬಿನ ಚೀಲದಲ್ಲಿ ಬಚ್ಚಿಡುತ್ತಿದ್ದೆ ಎಂದಳು. ನಿದ್ದೆ ಬಾರದ ಗಂಡ ಗೆರೆಯಲ್ಲಿ ಕಂಡ ಆ ಮೆಟ್ಟಿಲಿನ ವಿಷಯ ಬಾಯಿಬಿಟ್ಟ ದಿನದಿಂದ ಒಂದೂ ನುಂಗಿರಲಿಲ್ಲ.

“ಕದ್ದ ಮಾಲು ಎದೇಲಿಟ್ಕೊಂಡು, ಅದು ಕೆಡದ ಹಾಗೆ ಔಷಧಿ ಬೇರೆ ತಗೋಬೇಕಾ, ಗುಂಡ?”

ಅವಳೇ ಮುಂದುವರಿಸಿದಳು. ಆ ದಿನ ಅವಳ ಗಾಲಿ ಮಂಚ ಇದ್ದ ಕೋಣೆಗೂ ಪೆಟ್ಟಿಗೆಯ ಕೋಣೆಗೂ ನಡುವೆ ಗಾಜಿನ ಬಾಗಿಲು. ಅವಳ ಕೈ ಹಿಡಿದುಕೊಂಡು ಒಬ್ಬಳು ಕೂತಿದ್ದಳು. ಹೆದರಬೇಡಿ, ಈ ಹೃದಯ ನಿಮಗೇ ಎಂದು ಕಿವಿಯಲ್ಲಿ ಹೇಳಿದಳು. ಡ್ರೈವರಿಗೆಂದು ಬಂದ ಹೃದಯವನ್ನು ಇನ್ನೂ ಅಳೆಯುತ್ತಿದ್ದರು ಆಗ. ಆಮೇಲೆ ಎದ್ದು ಆ ಕೋಣೆಗೆ ಹೋದಳು. ಕಂಬದ ಹತ್ತಿರ ನಿಂತಳು. ಕೈ ಮೇಲಕ್ಕೆ ಹೋಯಿತು. ಏನೋ ಯಂತ್ರ ಸರಿಮಾಡುತ್ತಿದ್ದಾಳೆ ಎಂದು ಅಕ್ಕ ಅಂದುಕೊಂಡಿದ್ದಳು.

“ಯಾರಕ್ಕ?” ಎಂದ ಅವನು. ಅಕ್ಕನ ಕೈ ಹಿಡಿದು ಕೂತಿದ್ದವರು ಯಾರೆಂದು ಅವನಿಗೆ ಗೊತ್ತಿತ್ತು. ಅದನ್ನು ಅವನು ನೆಂಟರಿಷ್ಟರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದ.

“ನಿನ್ನ ಹೆಂಡ್ತಿ.”

ಭಾವ ಕುರ್ಚಿಯ ಬೆನ್ನು ಹಿಡಿದುಕೊಂಡರು. ಹೊರಗೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಪಾಳಿ ಮುಗಿಸಿ ದಿನವೂ ಈ ಹೊತ್ತಿಗೆ ಬಂದು ಅಕ್ಕನಿಗೆ ಮಾತ್ರೆ ಕೊಟ್ಟು, ಜ್ವರ ನೋಡಿ ಹೋಗುವವಳು ಅವಳೇ. ಬಾಗಿಲು ತೆರೆದು ಬಂದಳು. ಚಪ್ಪಲಿ ಬಿಟ್ಟಳು, ಕೈ ತೊಳೆದಳು, ಮುಖಕವಚ ಕಟ್ಟಿಕೊಂಡಳು. ಮೂವರ ಮುಖ ನೋಡಿದಳು. ಮೇಜಿನ ಮೇಲೆ ಚೆಲ್ಲಿದ್ದ ಮಾತ್ರೆಗಳನ್ನು ನೋಡಿದಾಗ ಮಾತ್ರ ಅವಳ ಹೆಜ್ಜೆ ತಪ್ಪಿತು. ನಾಡಿ ಹಿಡಿದು ನೋಡಿ, ಅತ್ತಿಗೆಯ ಪಾದದ ಊತವನ್ನು ಬೆರಳಿನಿಂದ ಒತ್ತಿ ನೋಡಿ, ಈಗಲೇ ಆಸ್ಪತ್ರೆಗೆ ಸೇರಿಸಬೇಕು, ಆಂಬುಲೆನ್ಸ್ ಕರೆಸಿ ಎಂದು ಗಂಡನಿಗೆ ಹೇಳಿದಳು.

ಅವನು ಕರೆ ಮಾಡಿದ. ವಿಳಾಸ ಹೇಳಿದ. ಫೋನ್ ಇಟ್ಟ ಮೇಲೆ ಹೆಂಡತಿಯ ಹೆಸರನ್ನು ಕರೆಯಬೇಕೋ, ಬೇರೆ ಆರೋಪಿಗಳನ್ನು ಕರೆಯುವ ಹಾಗೆ ಕರೆಯಬೇಕೋ ತಿಳಿಯದೆ ನಿಂತ.

“ಕಂಬ ಎತ್ತಿದ್ದು ನೀನಾ?” ಎಂದಷ್ಟೇ ಕೇಳಿದ.

“ಹೌದು.” ಅವಳು ಅತ್ತಿಗೆಯ ಪಾದದ ಬಳಿಯಿಂದ ಮೇಲೇಳಲಿಲ್ಲ. “ಆ ಯಂತ್ರದವಳ ಮೇಲೆ ಸುಳ್ಳು ಹೇಳಿದ್ದೂ ನಾನೇ. ಅವಳನ್ನ ಜೀಪಿಗೆ ಹತ್ತಿಸುವಾಗ ಮೇಲಿನ ಕಿಟಕೀಲಿ ನಿಂತು ನೋಡ್ತಿದ್ದೆ. ಆ ಮುಖ ಕಣ್ಣಿಂದ ಹೋಗ್ತಿಲ್ಲ. ಎಲ್ಲಿ ಸಹಿ ಹಾಕ್ಬೇಕೋ ಹಾಕ್ತೀನಿ.”

ಇನ್ಸ್‌ಪೆಕ್ಟರ್ ಕಣ್ಣು ಮುಚ್ಚಿಕೊಂಡ. ಮದುವೆಯಾದಾಗಿನಿಂದ ಅವಳು ಅವನಿಗೆ ಹೇಳಿದ ಒಂದೇ ಸುಳ್ಳು ಇದಾಗಿರಬೇಕು. ಅದೊಂದನ್ನೇ ಅವನು ತನಿಖೆ ಮಾಡದೆ ನುಂಗಿದ್ದ.

ಅವಳು ಆಗ ತಲೆಯೆತ್ತಿದಳು. ನೋಡಿದ್ದು ಗಂಡನನ್ನಲ್ಲ.

“ಆದರೆ ಎಷ್ಟು ಎತ್ತಬೇಕು, ಯಾವಾಗ ಇಳಿಸಬೇಕು ಅನ್ನೋದು ನನಗೆ ಹೇಗೆ ಗೊತ್ತಾಗ್ಬೇಕು? ಹಿಂದಿನ ದಿನ ನನ್ನ ಕೂರಿಸ್ಕೊಂಡು, ಒಂದು ಗೇಣು ಸಾಕು, ಜಾಸ್ತಿ ಆದ್ರೆ ಅನುಮಾನ ಬರುತ್ತೆ ಅಂತ ಹೇಳಿಕೊಟ್ಟೋರು ಯಾರು? ನಿಮ್ಮ ಭಾವನ್ನ ಕೇಳಿ.”

ದೂರದಲ್ಲಿ ಆಂಬುಲೆನ್ಸಿನ ಕೂಗು ಶುರುವಾಯಿತು. ಅಕ್ಕ ನಿಧಾನವಾಗಿ ಗಂಡನ ಕಡೆಗೆ ಕತ್ತು ತಿರುಗಿಸಿದಳು. ಇನ್ಸ್‌ಪೆಕ್ಟರನೂ ತಿರುಗಿದ.

ಇಲ್ಲ ಎನ್ನಲು ಒಬ್ಬ ಮನುಷ್ಯನಿಗೆ ಎಷ್ಟು ಹೊತ್ತು ಬೇಕು? ಆಂಬುಲೆನ್ಸ್ ಗೇಟು ದಾಟಿ ಮನೆಯ ಕೆಳಗೆ ಬಂದು ನಿಂತಿತು. ಭಾವ ಇನ್ನೂ ಇಲ್ಲ ಎಂದಿರಲಿಲ್ಲ.